ಸುಳ್ಳು ಹೇಳಿದ ಜನಪ್ರತಿನಿಧಿಯಿಂದ ಲೆಕ್ಕ ಕೇಳುವುದು ಹೇಗೆ? ಯಾವ ಸುಳ್ಳಿನಿಂದ ಶುರು ಮಾಡಬೇಕು?

ಹೊಳೆದಂಡೆ

ಅಧಿಕಾರದಲ್ಲಿದ್ದು ಸುಳ್ಳು ಹೇಳಿದವರಿಗೆ ಶಿಕ್ಷೆ ಆಗಬೇಕು ಅಂತ ಇಲ್ಲಿ ಎಲ್ಲರೂ ಒಪ್ಪುತ್ತೇವೆ. ಜಗಳ ಇರುವುದು ಅದರ ಮುಂದಿನ ಮಾತಿನಲ್ಲಿ. ಯಾವ ಸುಳ್ಳಿಗೆ ಶಿಕ್ಷೆ? ಅದು ಸುಳ್ಳು ಅಂತ ತೀರ್ಮಾನ ಮಾಡುವವರು ಯಾರು? ಎಷ್ಟು ದಿನದೊಳಗೆ? ಇದಕ್ಕೆ ಉತ್ತರ ಇಲ್ಲದೆ ಸುಮ್ನೆ ಸಿಟ್ಟು ಮಾಡಿಕೊಂಡರೆ ಏನೂ ಆಗುವುದಿಲ್ಲ.

ನನ್ನ ಅಭಿಪ್ರಾಯ ಇದು. ಭಾಷಣದಲ್ಲಿ ಹೇಳಿದ ಪ್ರತಿ ಸುಳ್ಳಿನ ಬೆನ್ನು ಹತ್ತುವುದು ಬೇಡ. ಸಹಿ ಹಾಕಿ ಬರೆದುಕೊಟ್ಟ ಸುಳ್ಳನ್ನು ಮೊದಲು ಹಿಡಿಯೋಣ. ಆಸ್ತಿ ಘೋಷಣೆ, ಚುನಾವಣಾ ಅಫಿಡವಿಟ್, ಸದನಕ್ಕೆ ಕೊಟ್ಟ ಉತ್ತರ, ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ ಮಾತು. ಇವೆಲ್ಲ ದಾಖಲೆಯಲ್ಲಿ ಇರುತ್ತವೆ. ನಾನು ಹಾಗೆ ಹೇಳಲೇ ಇಲ್ಲ, ಮಾತು ತಿರುಚಿದ್ದಾರೆ ಅಂತ ಜಾರಿಕೊಳ್ಳಲು ಆಗುವುದಿಲ್ಲ.

ಫ್ರಾನ್ಸಿನ ಒಂದು ಪ್ರಕರಣ ನನಗೆ ಯಾವಾಗಲೂ ನೆನಪಾಗುತ್ತದೆ. ಜೆರೋಮ್ ಕಾಯುಜಾಕ್ ಅಲ್ಲಿನ ಬಜೆಟ್ ಸಚಿವರಾಗಿದ್ದರು. ತೆರಿಗೆ ಕಳ್ಳರನ್ನು ಹಿಡಿಯುವುದೇ ಅವರ ಇಲಾಖೆಯ ಕೆಲಸ. 2012ರ ಡಿಸೆಂಬರ್‌ನಲ್ಲಿ ಮೀಡಿಯಾಪಾರ್ಟ್ ಅನ್ನುವ ಸುದ್ದಿತಾಣ ಅವರಿಗೇ ಸ್ವಿಸ್ ಬ್ಯಾಂಕಿನಲ್ಲಿ ಗುಟ್ಟಿನ ಖಾತೆ ಇತ್ತು ಅಂತ ಬರೆಯಿತು. ಮರುದಿನವೇ ಅವರು ಸಂಸತ್ತಿನಲ್ಲಿ ಎದ್ದು ನಿಂತು, ವಿದೇಶದಲ್ಲಿ ನನ್ನ ಖಾತೆ ಇಲ್ಲ, ಯಾವತ್ತೂ ಇರಲಿಲ್ಲ ಅಂದರು. 2013ರ ಮಾರ್ಚ್‌ನಲ್ಲಿ ರಾಜೀನಾಮೆ. ಏಪ್ರಿಲ್‌ನಲ್ಲಿ ತಪ್ಪೊಪ್ಪಿಗೆ. 2016ರಲ್ಲಿ ಮೂರು ವರ್ಷ ಜೈಲು ಶಿಕ್ಷೆ.

ಗಮನಿಸಿ, ಅವರನ್ನು ಜೈಲಿನ ದಾರಿಗೆ ತಂದಿದ್ದು ಸದನದಲ್ಲಿ ಆಡಿದ ಆ ಮಾತಲ್ಲ, ತೆರಿಗೆ ವಂಚನೆ. ಆದರೂ ಆ ಸುಳ್ಳು ದಂಡವಾಗಿ ಹೋಗಲಿಲ್ಲ. ಜನರ ಸಿಟ್ಟು ಎಷ್ಟಿತ್ತೆಂದರೆ ತಪ್ಪೊಪ್ಪಿಕೊಂಡ ವರ್ಷವೇ, 2013ರ ಅಕ್ಟೋಬರ್‌ನಲ್ಲಿ ಹೊಸ ಕಾನೂನು ಬಂತು. ಸಚಿವರು, ಸಂಸದರ ಆಸ್ತಿ ಘೋಷಣೆಯನ್ನು ಪರಿಶೀಲಿಸಲು ಒಂದು ಸ್ವತಂತ್ರ ಪ್ರಾಧಿಕಾರವೇ ಹುಟ್ಟಿತು. ಘೋಷಣೆಯನ್ನು ಬರೀ ತೆಗೆದುಕೊಂಡು ಕಪಾಟಿನಲ್ಲಿ ಇಡುವುದಲ್ಲ, ತೆರಿಗೆ ಇಲಾಖೆಯ ಲೆಕ್ಕದ ಜೊತೆ ಇಟ್ಟು ನೋಡುತ್ತಾರೆ. ನಮಗೆ ಬೇಕಾಗಿರುವುದು ಇಂಥದ್ದು ಅಂತ ನನ್ನ ಅನಿಸಿಕೆ. ನೀವೆಲ್ಲ ಏನಂತೀರಿ?

ಕರಿಹಲಗೆ

ಹೊಳೆದಂಡೆ ಅವರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಕಾಗದದ ಸುಳ್ಳು ಹಿಡಿಯುವುದು ಸುಲಭ, ನಿಜ. ಆದರೆ ಜನರಿಗೆ ಜಾಸ್ತಿ ಪೆಟ್ಟು ಕೊಡುವುದು ಬಾಯಿಂದ ಬಂದ ಸುಳ್ಳು. ಎದುರಾಳಿಯ ಬಗ್ಗೆ ಕಥೆ ಕಟ್ಟಿ ಒಂದು ಊರನ್ನೇ ಎರಡು ಗುಂಪು ಮಾಡಿಬಿಡುತ್ತಾರೆ. ಅದನ್ನು ಬಿಟ್ಟು ಆಸ್ತಿ ಪಟ್ಟಿಯಲ್ಲಿ ಒಂದು ಸೈಟು ಬಿಟ್ಟುಹೋಗಿದ್ದನ್ನು ಹಿಡಿದರೆ ಏನು ಬಂತು?

ಆ ಸುಳ್ಳನ್ನೂ ಹಿಡಿಯಲು ಆಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. 2010ರಲ್ಲಿ ಬ್ರಿಟನ್ನಿನ ಫಿಲ್ ವೂಲಾಸ್ ಬರೀ 103 ಮತದಿಂದ ಗೆದ್ದರು. ಪ್ರಚಾರದ ಕರಪತ್ರಗಳಲ್ಲಿ ಎದುರಾಳಿಯ ನಡತೆ ಬಗ್ಗೆ ಸುಳ್ಳು ಅಚ್ಚು ಮಾಡಿಸಿದ್ದರು. ಸೋತವರು ಚುನಾವಣಾ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ನವೆಂಬರ್‌ನಲ್ಲಿ ಆಯ್ಕೆ ರದ್ದಾಯಿತು. ಮೂರು ವರ್ಷ ಸ್ಪರ್ಧಿಸುವ ಹಾಗಿಲ್ಲ ಅಂತಲೂ ಆಯಿತು. ಮೇ ತಿಂಗಳಲ್ಲಿ ಚುನಾವಣೆ, ನವೆಂಬರ್‌ನಲ್ಲಿ ತೀರ್ಪು. ಆರು ತಿಂಗಳು ಅಷ್ಟೇ.

ನಮ್ಮ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೂ ಇದು ಇದೆ ಸ್ವಾಮಿ. 123ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿ ನೋಡಿ. ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಸುಳ್ಳು ಅಂತ ಗೊತ್ತಿದ್ದೂ ಹೇಳಿಕೆ ಪ್ರಕಟಿಸಿದರೆ ಅದು ಭ್ರಷ್ಟ ಆಚರಣೆ. ಆಯ್ಕೆಯನ್ನೇ ರದ್ದು ಮಾಡಬಹುದು. ಹಾಗಾಗಿ ಬಾಯಿ ಸುಳ್ಳನ್ನು ಸುಮ್ನೆ ಬಿಟ್ಟುಬಿಡಿ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ.

ಮೇಜಿನ ಆಚೆ

ನಾನು ಸರ್ಕಾರಿ ನೌಕರಿಯಲ್ಲಿದ್ದಾಗ ಚುನಾವಣಾ ಕೆಲಸಕ್ಕೆ ಹಾಕಿದ್ದರು. ನಾಮಪತ್ರ ತೆಗೆದುಕೊಳ್ಳುವ ಮೇಜಿನ ಹತ್ತಿರ ಕೂತು ಅಫಿಡವಿಟ್ ನೋಡಿದವನು ನಾನು. ಅಲ್ಲಿ ಏನು ನಡೆಯುತ್ತದೆ ಅಂತ ಹೇಳಿದರೆ ನಿಮ್ಮ ಚರ್ಚೆಗೆ ಉಪಯೋಗ ಆಗಬಹುದು.

ನಮೂನೆ 26 ಅಂತ ಇರುತ್ತದೆ. ಅದೇ ಅಭ್ಯರ್ಥಿಯ ಅಫಿಡವಿಟ್. ನೋಟರಿ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿರುತ್ತಾರೆ. ಮೇಲೆ ಹೆಸರು, ಪ್ಯಾನ್ ನಂಬರ್, ಹಿಂದಿನ ಐದು ವರ್ಷ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ ಆದಾಯ. ಆಮೇಲೆ ಇರುವ ಕೇಸುಗಳು. ಆಮೇಲೆ ಉದ್ದನೆಯ ಪಟ್ಟಿ. ಕೈಯಲ್ಲಿರುವ ನಗದು, ಬ್ಯಾಂಕ್ ಠೇವಣಿ, ಷೇರು, ಕೊಟ್ಟ ಸಾಲ, ವಾಹನ, ಒಡವೆ. ನಂತರ ಜಮೀನು, ನಿವೇಶನ, ಕಟ್ಟಡ. ಒಂದೊಂದಕ್ಕೂ ತನ್ನದು, ಹೆಂಡತಿ ಅಥವಾ ಗಂಡನದು, ಅವಲಂಬಿತರದು ಅಂತ ಬೇರೆ ಬೇರೆ ಕಾಲಂ. ಕೊನೆಗೆ ಸಾಲ, ಬಾಕಿ, ಆದಾಯದ ಮೂಲ, ಓದು.

ನಾವು ಬೆರಳಿಟ್ಟು ಒಂದೊಂದೇ ಕಾಲಂ ನೋಡುತ್ತಿದ್ದೆವು. ಖಾಲಿ ಇದೆಯಾ? ಖಾಲಿ ಇದ್ದರೆ ಸರಿಮಾಡಿ ತನ್ನಿ ಅಂತ ನೋಟಿಸ್ ಕೊಡಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು. ಹೇಳಿದ ಮೇಲೂ ತುಂಬಿಸದಿದ್ದರೆ ನಾಮಪತ್ರ ತಿರಸ್ಕಾರ ಮಾಡಬಹುದು. ಒಬ್ಬರು ಸಾಲದ ಕಾಲಮ್ಮಿನಲ್ಲಿ ಏನೂ ಬರೆಯದೆ ಬಿಟ್ಟಿದ್ದರು. ಹೇಳಿದ ಮೇಲೆ ಹೊಸ ಅಫಿಡವಿಟ್ ತಂದು ಅಲ್ಲಿ 'ಇಲ್ಲ' ಅಂತ ಬರೆದುಕೊಟ್ಟರು. ನಮ್ಮ ಕೆಲಸ ಮುಗಿಯಿತು. ಆ 'ಇಲ್ಲ' ಅನ್ನುವುದು ನಿಜವೋ ಸುಳ್ಳೋ ಅಂತ ನೋಡುವ ಅಧಿಕಾರವಾಗಲಿ, ಸಮಯವಾಗಲಿ ಆ ಮೇಜಿಗೆ ಇರಲಿಲ್ಲ.

ಇದು ನನಗೆ ಈಗಲೂ ಕೊರೆಯುತ್ತದೆ. ಕಾಲಂ ಖಾಲಿ ಬಿಟ್ಟವನು ಹೊರಗೆ ಹೋಗಬಹುದು, ಸುಳ್ಳು ತುಂಬಿದವನು ಒಳಗೆ ಬರುತ್ತಾನೆ. ಅಧಿಕಾರಿಗಳ ಮೇಲೆ ತಪ್ಪು ಹೊರಿಸಿ ಉಪಯೋಗ ಇಲ್ಲ. ಪರಿಶೀಲನೆಗೆ ಸಿಗುವುದು ಒಂದು ದಿನ. ಒಂದು ದಿನದಲ್ಲಿ ಯಾರ ಪಹಣಿ, ಯಾರ ಬ್ಯಾಂಕ್ ಖಾತೆ ಅಂತ ಹೋಗಿ ನೋಡುತ್ತೀರಿ?

ದೀಪದ ಕುಡಿ

ಮೇಜಿನ ಆಚೆ ಸರ್, ಒಳಗಿನ ವಿಷಯ ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಕರಿಹಲಗೆ ಅವರ ಮಾತಿಗೆ ನನ್ನ ತಕರಾರು ಇದೆ. ಬಾಯಿ ಸುಳ್ಳಿಗೂ ಶಿಕ್ಷೆ ಅಂತ ಹೊರಟರೆ ಅದು ಸುಳ್ಳು ಅಂತ ಹೇಳುವ ಅಧಿಕಾರ ಯಾರ ಕೈಗೆ ಹೋಗುತ್ತದೆ? ಸಿಂಗಾಪುರ 2019ರಲ್ಲಿ ಸುಳ್ಳು ಸುದ್ದಿ ತಡೆಯುವ ಕಾನೂನು ತಂದಿತು. ಅಲ್ಲಿ ಯಾವುದೇ ಸಚಿವರು ಇದು ಸುಳ್ಳು, ಕೆಳಗೆ ತಿದ್ದುಪಡಿ ಹಾಕಿ ಅಂತ ಆದೇಶ ಕೊಡಬಹುದು. ಮೇಲ್ಮನವಿಯನ್ನು ಮೊದಲು ಅದೇ ಸಚಿವರಿಗೆ ಕೊಡಬೇಕು, ಆಮೇಲೆ ಹೈಕೋರ್ಟ್. ನಾವು ಅಧಿಕಾರಸ್ಥರ ಸುಳ್ಳನ್ನು ತಡೆಯಲು ಹೊರಟವರು. ಕಾನೂನು ಕೊನೆಗೆ ಅವರದೇ ಕೈಯ ಬೆತ್ತ ಆಗಿ, ಪ್ರಶ್ನೆ ಕೇಳಿದವರ ಬೆನ್ನಿಗೆ ಬೀಳುತ್ತದೆ. ಈ ಭಯ ಸಣ್ಣದಲ್ಲ.

ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಒಂದು ವಿಚಿತ್ರ ಕೇಸು ಬಂದಿತ್ತು. ಕ್ಯಾಲಿಫೋರ್ನಿಯಾದ ಒಂದು ನೀರು ಸರಬರಾಜು ಮಂಡಳಿಗೆ ಆಯ್ಕೆಯಾದ ಸದಸ್ಯರೊಬ್ಬರು 2007ರಲ್ಲಿ ಸಭೆಯಲ್ಲೇ, ತನಗೆ ಸೇನೆಯ ಅತ್ಯುನ್ನತ ಪದಕ ಸಿಕ್ಕಿದೆ ಅಂತ ಹೇಳಿಕೊಂಡರು. ಪೂರ್ತಿ ಸುಳ್ಳು. ಪದಕದ ಬಗ್ಗೆ ಸುಳ್ಳು ಹೇಳುವುದು ಅಪರಾಧ ಅನ್ನುವ ಕಾನೂನು ಆಗ ಇತ್ತು. ಕೇಸು ಬಿತ್ತು. 2012ರಲ್ಲಿ ಕೋರ್ಟ್ ಆ ಕಾನೂನನ್ನೇ ರದ್ದು ಮಾಡಿತು. ಬರೀ ಸುಳ್ಳು ಹೇಳಿದ ಕಾರಣಕ್ಕೆ ಸರ್ಕಾರ ಒಬ್ಬನನ್ನು ಜೈಲಿಗೆ ಹಾಕುವ ಹಾಗಿಲ್ಲ ಅನ್ನುವುದು ಆ ತೀರ್ಪಿನ ತಿರುಳು. ಮರುವರ್ಷ ಕಾನೂನನ್ನು ತಿದ್ದಿ, ಆ ಸುಳ್ಳಿನಿಂದ ಹಣವನ್ನೋ ಬೇರೆ ಲಾಭವನ್ನೋ ಪಡೆಯಲು ಹೋದರೆ ಮಾತ್ರ ಅಪರಾಧ ಅಂತ ಮಾಡಿದರು.

ನನಗೆ ಇದು ಸರಿಯಾದ ಗೆರೆ ಅನಿಸುತ್ತದೆ. ಜಂಬದ ಸುಳ್ಳು ಬೇರೆ, ಪದವಿಯನ್ನೋ ಹಣವನ್ನೋ ಪಡೆಯಲು ಹೇಳಿದ ಸುಳ್ಳು ಬೇರೆ.

ಕರಿಹಲಗೆ

ಮೇಡಂ, ಸಚಿವರ ಕೈಗೆ ಕೊಡಿ ಅಂತ ನಾನು ಹೇಳಲಿಲ್ಲ. ವೂಲಾಸ್ ಪ್ರಕರಣದಲ್ಲಿ ತೀರ್ಮಾನ ಮಾಡಿದ್ದು ನ್ಯಾಯಾಧೀಶರು. ಅದೂ ಎದುರಾಳಿಯ ಖಾಸಗಿ ನಡತೆ ಬಗ್ಗೆ ಹೇಳಿದ್ದಕ್ಕೆ ಮಾತ್ರ. ಪಕ್ಷದ ನೀತಿ ಬಗ್ಗೆ ಏನು ಬೇಕಾದರೂ ಹೇಳಲಿ. ಅಷ್ಟು ಇಕ್ಕಟ್ಟಾದ ಕಾನೂನಿಗೆ ಯಾಕೆ ಹೆದರಬೇಕು?

ಹೊಳೆದಂಡೆ

ಇಕ್ಕಟ್ಟಾದ ಕಾನೂನು ಅಂದಿರಲ್ಲ, ಅದು ಒಳ್ಳೆಯ ಮಾತು. ಅಷ್ಟಕ್ಕೆ ನನ್ನದೂ ಒಪ್ಪಿಗೆ ಇದೆ. ಆದರೆ ಹಲ್ಲು ಎಲ್ಲಿದೆ ಅಂತಲೂ ನೋಡೋಣ.

ಮೇಜಿನ ಆಚೆ ಸರ್ ಹೇಳಿದ ಸುಳ್ಳು ಅಫಿಡವಿಟ್ಟಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಸೆಕ್ಷನ್ ಇದೆ. ಶಿಕ್ಷೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಈಗ ಅದೇ ಕಾಯ್ದೆಯ 8ನೇ ಸೆಕ್ಷನ್ ತೆಗೆಯಿರಿ. ಶಿಕ್ಷೆಯಾದವರು ಅನರ್ಹರಾಗುವುದು ಯಾವಾಗ ಅಂತ ಅಲ್ಲಿದೆ. ಹೆಸರಿಸಿದ ಕೆಲವು ಅಪರಾಧ ಬಿಟ್ಟರೆ, ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಆಗಬೇಕು. ಆ ಹೆಸರಿಸಿದ ಪಟ್ಟಿಯಲ್ಲಿ 125ಎ ಇಲ್ಲ. ಅಂದರೆ ಪ್ರಮಾಣ ಮಾಡಿ ಸುಳ್ಳು ಆಸ್ತಿ ಪಟ್ಟಿ ಕೊಟ್ಟು, ಅದು ಕೋರ್ಟಿನಲ್ಲಿ ಸಾಬೀತಾಗಿ, ಪೂರ್ತಿ ಆರು ತಿಂಗಳ ಶಿಕ್ಷೆ ಬಿದ್ದರೂ ಅಷ್ಟರಿಂದಲೇ ಶಾಸಕ ಸ್ಥಾನ ಹೋಗುವುದಿಲ್ಲ! ಯಾವ ಸುಳ್ಳಿನ ಬಲದಿಂದ ಕುರ್ಚಿ ಸಿಕ್ಕಿತೋ, ಆ ಸುಳ್ಳು ಸಾಬೀತಾದ ಮೇಲೂ ಕುರ್ಚಿ ಗಟ್ಟಿ.

ಕಾನೂನು ಆಯೋಗ 2014ರ ತನ್ನ 244ನೇ ವರದಿಯಲ್ಲಿ ಇದನ್ನೇ ಎತ್ತಿ ತೋರಿಸಿತು. ಶಿಕ್ಷೆ ಕನಿಷ್ಠ ಎರಡು ವರ್ಷ ಇರಲಿ, ಸುಳ್ಳು ಅಫಿಡವಿಟ್ ಅನರ್ಹತೆಗೆ ಕಾರಣ ಆಗಲಿ ಅಂತ ಶಿಫಾರಸು ಮಾಡಿತು. ಇಷ್ಟೇ ತಿದ್ದುಪಡಿ. ಹೊಸ ಸಂಸ್ಥೆ ಬೇಡ, ಹೊಸ ಕಟ್ಟಡ ಬೇಡ. ದೊಡ್ಡ ದೊಡ್ಡ ಘೋಷಣೆ ಕೂಗುವ ಬದಲು ಈ ಒಂದು ತಿದ್ದುಪಡಿಯನ್ನು ಪಟ್ಟು ಹಿಡಿದು ಕೇಳಬೇಕು ಅನ್ನುವುದು ನನ್ನ ಬಲವಾದ ನಂಬಿಕೆ.

ಕಾಯ್ದೆ ಪುಟ

ಒಂದು ಸೇರಿಸುತ್ತೇನೆ. 125ಎ ಒಂದೇ ಅಲ್ಲ. ಸರ್ಕಾರಿ ಅಧಿಕಾರಿಗೆ ಪ್ರಮಾಣ ಮಾಡಿ ಸುಳ್ಳು ಹೇಳಿಕೆ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 216ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೂ ಶಿಕ್ಷೆ ಆಗಬಹುದು. ಹಿಂದೆ ಇದು ಐಪಿಸಿ 181 ಆಗಿತ್ತು. ಆದರೆ ಇಂಥ ಅಪರಾಧದಲ್ಲಿ ಸಂಬಂಧಪಟ್ಟ ಅಧಿಕಾರಿಯೇ ಲಿಖಿತ ದೂರು ಕೊಡಬೇಕು. ನೀವು ನಾವು ಹೋಗಿ ಕೊಟ್ಟರೆ ಕೋರ್ಟ್ ತೆಗೆದುಕೊಳ್ಳುವುದಿಲ್ಲ. ಗೆದ್ದು ಶಾಸಕರಾದವರ ಮೇಲೆ ಅದೇ ಜಿಲ್ಲೆಯ ಅಧಿಕಾರಿ ದೂರು ಬರೆಯಬೇಕು. ಎಷ್ಟು ಜನ ಬರೆದಾರು?

ಹಳೇ ಪತ್ರಿಕೆ

ಸದನದ ಒಳಗಿನ ಸುಳ್ಳಿನ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲ. ನನಗೆ ಆಸಕ್ತಿ ಇರುವ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ಸಂಸತ್ತಿನಲ್ಲಿ ಆಡಿದ ಮಾತಿಗೆ ಕೋರ್ಟಿನಲ್ಲಿ ಕೇಸು ಹಾಕಲು ಆಗುವುದಿಲ್ಲ. ಸಂವಿಧಾನದ 105ನೇ ವಿಧಿ. ಶಾಸನಸಭೆಗೆ 194ನೇ ವಿಧಿ. ಇದು ಬೇಕಾದ ರಕ್ಷಣೆಯೇ. ಇಲ್ಲದಿದ್ದರೆ ವಿರೋಧ ಪಕ್ಷದವರು ಬಾಯಿ ಬಿಟ್ಟಾಗಲೆಲ್ಲ ಕೋರ್ಟಿಗೆ ಅಲೆಯಬೇಕಾಗುತ್ತದೆ. ಹಾಗಾದರೆ ಸದನದಲ್ಲಿ ಹೇಳಿದ ಸುಳ್ಳಿಗೆ ಶಿಕ್ಷೆ ಕೊಡಬೇಕಾದವರು ಸದನದವರೇ. ಗೊತ್ತಿದ್ದೂ ದಾರಿ ತಪ್ಪಿಸಿದರೆ ಅದು ಹಕ್ಕುಚ್ಯುತಿ. ಆದರೆ ಸದನದಲ್ಲಿ ಬಹುಮತ ಯಾರದ್ದಿರುತ್ತದೆ? ಸಾಮಾನ್ಯವಾಗಿ ಸಚಿವರ ಪಕ್ಷದ್ದೇ. ಕಷ್ಟ ಇರುವುದು ಅಲ್ಲಿ.

ಬ್ರಿಟನ್ನಿನಲ್ಲಿ 2021ರ ಜುಲೈನಲ್ಲಿ ಏನಾಯಿತು ನೋಡಿ. ಡಾನ್ ಬಟ್ಲರ್ ಅನ್ನುವ ಸದಸ್ಯೆ ಎದ್ದು ನಿಂತು, ಪ್ರಧಾನಿ ಬೋರಿಸ್ ಜಾನ್ಸನ್ ಈ ಸದನಕ್ಕೂ ದೇಶಕ್ಕೂ ಪದೇ ಪದೇ ಸುಳ್ಳು ಹೇಳಿದ್ದಾರೆ ಅಂದರು. ಪೀಠದಲ್ಲಿದ್ದವರು ಮಾತು ವಾಪಸ್ ತೆಗೆದುಕೊಳ್ಳಿ ಅಂದರು. ಅವರು ತೆಗೆದುಕೊಳ್ಳಲಿಲ್ಲ. ಆ ದಿನದ ಮಟ್ಟಿಗೆ ಸದನದಿಂದ ಹೊರಗೆ ಕಳಿಸಿದರು. ಒಬ್ಬ ಸದಸ್ಯ ಇನ್ನೊಬ್ಬರನ್ನು ಸುಳ್ಳುಗಾರ ಅನ್ನುವ ಹಾಗಿಲ್ಲ ಅನ್ನುವುದು ಹಳೇ ನಿಯಮ. ನಮ್ಮಲ್ಲೂ ಅದು ಕಡತದಿಂದ ತೆಗೆಯುವ ಪದವೇ.

ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಲಾಕ್‌ಡೌನ್ ಸಮಯದ ಪಾರ್ಟಿಗಳ ಬಗ್ಗೆ ಜಾನ್ಸನ್ ಸದನಕ್ಕೆ ಹೇಳಿದ್ದನ್ನು ಹಕ್ಕುಬಾಧ್ಯತಾ ಸಮಿತಿ ತನಿಖೆ ಮಾಡಿತು. ಏಳು ಜನರ ಸಮಿತಿ, ನಾಲ್ಕು ಜನ ಅವರ ಪಕ್ಷದವರೇ! 2023ರ ಜೂನ್‌ನಲ್ಲಿ ವರದಿ ಬಂತು. ಗೊತ್ತಿದ್ದೇ ಸದನವನ್ನು ದಾರಿ ತಪ್ಪಿಸಿದ್ದಾರೆ ಅಂತ ಬರೆದರು. ಸದಸ್ಯರಾಗಿ ಉಳಿದಿದ್ದರೆ 90 ದಿನ ಅಮಾನತು ಮಾಡಿ ಅನ್ನುತ್ತಿದ್ದೆವು ಅಂದರು. ಅಷ್ಟರಲ್ಲಿ ಅವರು ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟಾಗಿತ್ತು. ವರದಿಯ ಪರ 354 ಮತ, ವಿರೋಧ 7.

ರಾಜೀನಾಮೆ ಯಾಕೆ ಅಂದರೆ ಅಮಾನತಿನ ಹಿಂದೆ ಇನ್ನೊಂದು ಕಾನೂನು ಕಾದಿತ್ತು. 2015ರ ಆ ಕಾನೂನಿನ ಪ್ರಕಾರ ಅಲ್ಲಿ ಹತ್ತು ಅಧಿವೇಶನ ದಿನ ಅಥವಾ ಅದಕ್ಕಿಂತ ಜಾಸ್ತಿ ಅಮಾನತಾದ ಸದಸ್ಯರ ಕ್ಷೇತ್ರದಲ್ಲಿ ವಾಪಸ್ ಕರೆಸುವ ಅರ್ಜಿ ತೆರೆಯುತ್ತದೆ. ಆರು ವಾರದಲ್ಲಿ 10 ಶೇಕಡ ಮತದಾರರು ಸಹಿ ಹಾಕಿದರೆ ಸ್ಥಾನ ಖಾಲಿ, ಉಪಚುನಾವಣೆ. 2019ರಲ್ಲಿ ಪೀಟರ್‌ಬರೋ ಕ್ಷೇತ್ರದ ಸದಸ್ಯೆ ಹೀಗೆ ಸ್ಥಾನ ಕಳೆದುಕೊಂಡ ಮೊದಲನೆಯವರು. ಕಾರು ವೇಗವಾಗಿ ಓಡಿಸಿದ ವಿಷಯದಲ್ಲಿ ಪೊಲೀಸರಿಗೆ ಸುಳ್ಳು ಹೇಳಿ ಜೈಲಿಗೆ ಹೋಗಿದ್ದರು. ಜೈಲು ಶಿಕ್ಷೆ ಆದರೂ ಈ ಅರ್ಜಿ ತೆರೆಯುತ್ತದೆ.

ನಮ್ಮಲ್ಲಿ ಸದನ ಏನೂ ಮಾಡಿಲ್ಲ ಅಂತಲ್ಲ. 1951ರಲ್ಲಿ ಎಚ್. ಜಿ. ಮುದ್ಗಲ್ ಅನ್ನುವ ಸದಸ್ಯರು ವ್ಯಾಪಾರಿಗಳ ಸಂಘದ ಪರ ಕೆಲಸ ಮಾಡಲು ಹಣ ಪಡೆದದ್ದು ಬೆಳಕಿಗೆ ಬಂತು. ಸ್ವತಃ ನೆಹರೂ ಅವರೇ ವಿಷಯವನ್ನು ಸದನದ ಮುಂದೆ ತಂದರು. ಮುದ್ಗಲ್ ಅವರದೇ ಪಕ್ಷದವರು. 2005ರಲ್ಲಿ ಪ್ರಶ್ನೆ ಕೇಳಲು ಹಣ ಪಡೆದ 11 ಸಂಸದರನ್ನು ಹೊರಗೆ ಹಾಕಿದರು. ಡಿಸೆಂಬರ್ 12ಕ್ಕೆ ಟಿವಿಯಲ್ಲಿ ಬಂತು, 23ಕ್ಕೆ ಉಚ್ಚಾಟನೆ. ಮನಸ್ಸಿದ್ದರೆ ಸದನ ಹನ್ನೊಂದು ದಿನದಲ್ಲಿ ಕೆಲಸ ಮುಗಿಸುತ್ತದೆ. 2007ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು.

ಬಿಸಿಲುಕೋಲು

ಇಷ್ಟೆಲ್ಲ ಯಾಕೆ? ಐದು ವರ್ಷಕ್ಕೊಮ್ಮೆ ಚುನಾವಣೆ ಬರುತ್ತದೆ. ಸುಳ್ಳು ಹೇಳಿದವರನ್ನು ಜನ ಸೋಲಿಸಲಿ. ಜನರಿಗಿಂತ ದೊಡ್ಡ ನ್ಯಾಯಾಲಯ ಯಾವುದಿದೆ?

ದೀಪದ ಕುಡಿ

ಬಿಸಿಲುಕೋಲು ಅವರೇ, ಜನ ತೀರ್ಮಾನ ಮಾಡಬೇಕಾದರೆ ಅವರ ಕೈಗೆ ನಿಜ ಮಾಹಿತಿ ಸಿಗಬೇಕಲ್ವಾ? ಅಭ್ಯರ್ಥಿಯ ಕೇಸು, ಆಸ್ತಿ, ಓದು ತಿಳಿಯುವುದು ಮತದಾರರ ಹಕ್ಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದು ಇದಕ್ಕೇ. ಆ ಅಫಿಡವಿಟ್ಟಿನಲ್ಲೇ ಸುಳ್ಳು ತುಂಬಿದರೆ ಮತದಾರನ ಕಣ್ಣು ಕಟ್ಟಿ ಮತ ಹಾಕಿಸಿದ ಹಾಗೆ. ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳೋಣ ಅಂದರೆ ಆಗಲೂ ಅವರು ಅದೇ ಸುಳ್ಳು ಪಟ್ಟಿಯನ್ನೇ ಕೊಡುತ್ತಾರೆ.

ಬಿಸಿಲುಕೋಲು

ಆ ಒಂದು ವಿಷಯಕ್ಕೆ ನಿಮ್ಮ ಮಾತು ಸರಿ ಮೇಡಂ. ಆದರೆ ಕೋರ್ಟಿಗೆ ಹೋದರೆ ಅವಧಿ ಮುಗಿಯುವವರೆಗೆ ತೀರ್ಪೇ ಬರುವುದಿಲ್ಲ. ಅದಕ್ಕೇ ನನಗೆ ಈ ದಾರಿಯಲ್ಲಿ ನಂಬಿಕೆ ಕಡಿಮೆ.

ಕಾಯ್ದೆ ಪುಟ

ಬಿಸಿಲುಕೋಲು ಅವರು ಮುಟ್ಟಿದ್ದು ಸರಿಯಾದ ಗಾಯವನ್ನೇ. ಕಾನೂನು ಹೇಗಿದೆ ಅಂದರೆ, ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. 46ನೇ ದಿನ ಹೋದರೆ ಬಾಗಿಲು ಮುಚ್ಚಿದೆ. ಅರ್ಜಿದಾರರಿಗೆ ಅಷ್ಟು ಕಟ್ಟುನಿಟ್ಟು. ವಿಚಾರಣೆ ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಅದು ಬರೀ ಪ್ರಯತ್ನ.

ಹಾಸನ ಲೋಕಸಭಾ ಕ್ಷೇತ್ರದ 2019ರ ಆಯ್ಕೆಯನ್ನು ನಮ್ಮ ಹೈಕೋರ್ಟ್ ಅಸಿಂಧು ಅಂತ ಹೇಳಿದ್ದು 2023ರ ಸೆಪ್ಟೆಂಬರ್ 1ರಂದು. ಅಫಿಡವಿಟ್ಟಿನಲ್ಲಿ ಆಸ್ತಿ ಮುಚ್ಚಿಟ್ಟ ಆರೋಪ ಅದರಲ್ಲಿ ಮುಖ್ಯವಾಗಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. ಮರುವರ್ಷ ಲೋಕಸಭೆಯ ಅವಧಿಯೇ ಮುಗಿಯಿತು. ಯಾರು ಸರಿ ಯಾರು ತಪ್ಪು ಅನ್ನುವುದು ಪಕ್ಕಕ್ಕಿರಲಿ. ಆಯ್ಕೆ ಸರಿಯಿತ್ತೋ ಇಲ್ಲವೋ ಅನ್ನುವ ಮೊದಲ ಉತ್ತರಕ್ಕೇ ನಾಲ್ಕು ವರ್ಷದ ಮೇಲೆ ಹಿಡಿದರೆ ಅದು ಮತದಾರರಿಗೂ ಅನ್ಯಾಯ, ಆರೋಪ ಹೊತ್ತವರಿಗೂ ಅನ್ಯಾಯ.

ಇನ್ನೊಂದು ಕಡೆಯನ್ನೂ ಹೇಳಬೇಕು. ಅರುಣಾಚಲ ಪ್ರದೇಶದ ಒಂದು ಪ್ರಕರಣದಲ್ಲಿ ಶಾಸಕರು ಕುಟುಂಬದ ಮೂರು ವಾಹನಗಳನ್ನು ತೋರಿಸಿಲ್ಲ ಅಂತ ಹೈಕೋರ್ಟ್ ಆಯ್ಕೆ ರದ್ದು ಮಾಡಿತ್ತು. ವಾಹನಗಳು ಆಗಲೇ ಬೇರೆಯವರಿಗೆ ಹೋಗಿದ್ದವು, ದಾಖಲೆಯಲ್ಲಿ ಹೆಸರು ಮಾತ್ರ ಉಳಿದಿತ್ತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಆಯ್ಕೆಯನ್ನು ಉಳಿಸಿತು. ಪ್ರತಿಯೊಂದು ಚರ ವಸ್ತುವನ್ನೂ ಬರೆಯಬೇಕಾಗಿಲ್ಲ, ಬೆಲೆಬಾಳುವಂಥದ್ದು ಅಥವಾ ಅವರ ಜೀವನಶೈಲಿ ತೋರಿಸುವಂಥದ್ದು ಬಿಟ್ಟುಹೋಗಬಾರದು ಅಂದಿತು. ನನಗೆ ಇದು ನ್ಯಾಯವಾದ ಮಾತೇ ಅನಿಸುತ್ತದೆ. ಮರೆವು ಬೇರೆ, ಮುಚ್ಚಿಡುವುದು ಬೇರೆ.

ಕರಿಹಲಗೆ

ವೇಲ್ಸ್‌ನಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಗೊತ್ತಿದ್ದು ಸುಳ್ಳು ಹೇಳಿದ ಸದಸ್ಯರನ್ನೂ ಅಭ್ಯರ್ಥಿಗಳನ್ನೂ ಸ್ವತಂತ್ರ ನ್ಯಾಯಾಂಗ ಪ್ರಕ್ರಿಯೆಯ ಮೂಲಕ ಅನರ್ಹ ಮಾಡುವ ಕಾನೂನು ತರುತ್ತೇವೆ ಅಂತ ಅಲ್ಲಿನ ಸರ್ಕಾರ 2024ರ ಜುಲೈನಲ್ಲಿ ಮಾತು ಕೊಟ್ಟಿತು. ಜೈಲಿನ ಮಾತಿಗಿಂತ ಇದು ನನಗೆ ಇಷ್ಟ. ಸುಳ್ಳು ಹೇಳಿ ಪಡೆದದ್ದು ಕುರ್ಚಿ ತಾನೆ? ಅದನ್ನೇ ವಾಪಸ್ ತೆಗೆದುಕೊಂಡರೆ ಸಾಕು. ದೀಪದ ಕುಡಿ ಮೇಡಂ, ಇದಕ್ಕಾದರೂ ಒಪ್ಪುತ್ತೀರಾ?

ದೀಪದ ಕುಡಿ

ಜೈಲಿಗಿಂತ ಇದೇ ವಾಸಿ, ಒಪ್ಪುತ್ತೇನೆ. ಒಂದು ಷರತ್ತು. ತಪ್ಪು ಹೇಳಿಕೆಯನ್ನು ತಾವಾಗಿ ಸರಿಪಡಿಸಿಕೊಳ್ಳಲು ಕೆಲವು ದಿನ ಅವಕಾಶ ಇರಬೇಕು. ಸರಿಪಡಿಸಿದವರನ್ನು ಬಿಟ್ಟುಬಿಡಬೇಕು. ಇಲ್ಲದಿದ್ದರೆ ಎಲ್ಲರೂ ಕೊನೆಯವರೆಗೆ ಸುಳ್ಳನ್ನೇ ಸಾಧಿಸುತ್ತಾರೆ. ಲೋಕಸಭೆಯಲ್ಲಿ ಸ್ಪೀಕರ್ ನಿರ್ದೇಶನ 115 ಅಂತ ಇದೆ. ಸಚಿವರು ಕೊಟ್ಟ ಮಾಹಿತಿ ತಪ್ಪು ಅಂತ ಸದಸ್ಯರು ಬರೆದುಕೊಟ್ಟು ಸರಿಪಡಿಸಲು ಕೇಳಬಹುದು. ಎಷ್ಟು ಒಳ್ಳೆಯ ಸಾಧನ! ಸುದ್ದಿಯಲ್ಲಿ ಇದರ ಹೆಸರೇ ಕೇಳುವುದಿಲ್ಲ.

ಹಳೇ ಪತ್ರಿಕೆ

ಅದೇ ಥರ ಸರ್ಕಾರಿ ಭರವಸೆಗಳ ಸಮಿತಿಯೂ ಇದೆ. ಲೋಕಸಭೆಯಲ್ಲಿ 1953ರಿಂದ ಇದೆ, ನಮ್ಮ ವಿಧಾನಮಂಡಲದಲ್ಲೂ ಇದೆ. ಸಚಿವರು 'ಪರಿಶೀಲಿಸುತ್ತೇವೆ', 'ಮಾಹಿತಿ ತರಿಸುತ್ತೇವೆ' ಅಂತ ಸದನದಲ್ಲಿ ಹೇಳಿದ್ದು ಅಲ್ಲಿ ಭರವಸೆ ಅಂತ ದಾಖಲಾಗುತ್ತದೆ. ಲೋಕಸಭೆಯಲ್ಲಿ ಮೂರು ತಿಂಗಳ ಗಡುವು. ಆಗದಿದ್ದರೆ ಸಮಿತಿ ಕಾರಣ ಕೇಳುತ್ತದೆ, ವರದಿ ಕೊಡುತ್ತದೆ. ನಿಮ್ಮ ಊರಿನ ಸೇತುವೆ ಬಗ್ಗೆ ಸಚಿವರು ಸದನದಲ್ಲಿ ಮಾತು ಕೊಟ್ಟಿದ್ದರೆ ಆ ವರದಿಗಳಲ್ಲಿ ಹುಡುಕಿ ನೋಡಿ.

ಹೊಸಬ

ಎಲ್ಲ ಓದಿದೆ. ನನ್ನಂಥವರು ಏನು ಮಾಡಬಹುದು ಅಂತ ಯಾರಾದರೂ ಹೇಳುತ್ತೀರಾ? ನಾನು ವಕೀಲ ಅಲ್ಲ, ಪತ್ರಕರ್ತನೂ ಅಲ್ಲ.

ಮೇಜಿನ ಆಚೆ

ಮಾಡಬಹುದು ಅಪ್ಪಾ. ಅಫಿಡವಿಟ್ಟುಗಳು ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ನಿಮ್ಮ ಕ್ಷೇತ್ರದವರದು ಈ ಸಲದ್ದು ಮತ್ತು ಹಿಂದಿನ ಸಲದ್ದು, ಎರಡನ್ನೂ ಇಳಿಸಿಕೊಂಡು ಪಕ್ಕ ಪಕ್ಕ ಇಟ್ಟು ಓದಿ. ಹೋದ ಸಲ ಇದ್ದ ಸರ್ವೆ ನಂಬರ್ ಈ ಸಲ ಇಲ್ಲವಾ? ಮಾರಿದ್ದರೆ ಆ ಹಣ ಎಲ್ಲಾದರೂ ಕಾಣಿಸಬೇಕು. ಐದು ವರ್ಷದ ಆದಾಯ ಕೂಡಿಸಿ ನೋಡಿ, ಆಸ್ತಿ ಅದಕ್ಕಿಂತ ತುಂಬಾ ಜಾಸ್ತಿ ಬೆಳೆದಿದೆಯಾ? ಹಳೇ ಜಮೀನಿನ ಬೆಲೆ ಏರಿದ್ದರಿಂದಲೂ ಹಾಗಾಗಬಹುದು, ಆದ್ದರಿಂದ ಹೊಸದಾಗಿ ಕೊಂಡದ್ದನ್ನು ಬೇರೆ ಮಾಡಿ ಲೆಕ್ಕ ಹಾಕಿ. ಕೇಸುಗಳ ವಿವರವನ್ನು ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಒಂದೇ ಹೆಸರಿನವರು ಬೇಕಾದಷ್ಟು ಜನ ಇರುತ್ತಾರೆ, ತಂದೆಯ ಹೆಸರು ವಿಳಾಸ ನೋಡದೆ ಯಾರ ಮೇಲೂ ಆರೋಪ ಮಾಡಬೇಡಿ.

ಕಾಯ್ದೆ ಪುಟ

ಏನಾದರೂ ಸಿಕ್ಕಿದರೆ ಫೇಸ್‌ಬುಕ್ಕಿಗೆ ಹಾಕುವ ಮೊದಲು ದಾಖಲೆಯ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಸುಳ್ಳು ಅಫಿಡವಿಟ್ ಬಗ್ಗೆ ದೂರು ಇರುವವರು ನೇರ ಕೋರ್ಟಿಗೆ ಹೋಗಲಿ ಅನ್ನುವುದು ಆಯೋಗದ ನಿಲುವಾಗಿತ್ತು. 2020ರ ಜೂನ್‌ನಲ್ಲಿ, ಗಂಭೀರವಾದ ದೂರುಗಳನ್ನು ತಾನೇ ಪರಿಗಣಿಸಿ ತನಿಖಾ ಸಂಸ್ಥೆಗಳಿಗೆ ಕಳಿಸುವುದಾಗಿ ಹೇಳಿದೆ. ಆದ್ದರಿಂದ ಆಯೋಗಕ್ಕೂ ಬರೆಯಿರಿ, ಸ್ವೀಕೃತಿ ಇಟ್ಟುಕೊಳ್ಳಿ. ಮತದಾರರಾದ ನೀವೇ ತಕರಾರು ಅರ್ಜಿಯನ್ನೂ ಹಾಕಬಹುದು, ಆದರೆ ಆ 45 ದಿನ ಮರೆಯಬೇಡಿ. ಹುಡುಕುವ ಕೆಲಸ ಫಲಿತಾಂಶಕ್ಕೆ ಮುಂಚೆಯೇ ಮುಗಿದಿರಬೇಕು.

ಹೊಸಬ

ತುಂಬಾ ಉಪಕಾರ ಸರ್. ಎರಡು ಅಫಿಡವಿಟ್ಟನ್ನೂ ಇಳಿಸಿಕೊಂಡೆ. ಯಾವ ಕಾಲಂನಿಂದ ಶುರು ಮಾಡಲಿ?

ಮೇಜಿನ ಆಚೆ

ಸಾಲದ ಕಾಲಂ. ಆಮೇಲೆ ಹೆಂಡತಿಯ ಹೆಸರಿನ ಸ್ಥಿರಾಸ್ತಿ. ಜನ ನೋಡುವುದು ಮೊತ್ತ ಒಂದನ್ನೇ, ಈ ಎರಡನ್ನು ಯಾರೂ ಓದುವುದಿಲ್ಲ. ಓದಿ ಇಲ್ಲಿ ಬರೆಯಿರಿ, ಹೆಸರು ಹಾಕದೆ. ಒಟ್ಟಿಗೆ ನೋಡೋಣ.